ಚಕ್ರಕ್ಕೆ ಕಟ್ಟಿದ ರುಮಾಲು

ಅಣ್ಣ ಬದುಕಿದ್ದ ಕೊನೆಯ ಸಂಜೆ ಬರಿತಲೆಯಲ್ಲಿ ಮನೆಗೆ ಬಂದ. ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತಿ, "ಯಾರನ್ನ ಮಣ್ಣ ಮಾಡಿ ಬಂದ್ಯೋ, ತೆಲಿ ಬರೇ ಬಿಟ್ಕೊಂಡು?" ಎಂದಳು.

"ಕೆಲಸ ಮುಗಿದಿಲ್ಲಬೇ. ರುಮಾಲ ಅಲ್ಲೇ ಐತಿ," ಎಂದು ನಕ್ಕು ಉಣ್ಣಲು ಕುಳಿತ.

ಅರವತ್ತರ ದಶಕದಲ್ಲಿ ವಿಜಾಪುರದ ಸ್ಟೇಷನ್ ರಸ್ತೆಯ ಗಟಾರುಗಳನ್ನು ಎಂಜಿನ್ ಪಂಪಿನ ನೀರಿನ ರಭಸದಿಂದ ತೊಳೆಯುವ ಕೆಲಸ ನಮ್ಮದು. ಅಣ್ಣ ಗುಂಡಿಗೆ ಇಳಿದು ಪೈಪಿನ ಹಿತ್ತಾಳೆ ಮೂತಿಯನ್ನು ಗಟಾರಿನೊಳಗೆ ತೂರಿಸಿ ಮೇಲೆ ಬರುತ್ತಿದ್ದ. ಆಮೇಲೆ ನಾನು ಪಂಪಿನ ಚಕ್ರ ತಿರುಗಿಸಿ ನೀರು ಬಿಡುತ್ತಿದ್ದೆ. ಒಮ್ಮೆ, ಟಿಕೋಟಾದ ಜೊತೆಗಾರ ಇನ್ನೂ ಕೆಳಗಿದ್ದಾಗಲೇ ಅವಸರದಲ್ಲಿ ತಿರುಗಿಸಿಬಿಟ್ಟೆ. ಪೈಪು ಜಿಗಿದು ಅವನ ಭುಜ ಮುರಿಯಿತು.

ಮರುದಿನವೇ ಅಣ್ಣ ನೇಮ ಮಾಡಿದ. ಇಳಿಯುವವನು ತನ್ನ ರುಮಾಲನ್ನು ಚಕ್ರಕ್ಕೆ ಕಟ್ಟಿ ಇಳಿಯಬೇಕು, ಮೇಲೆ ಬಂದು ತಾನೇ ಬಿಚ್ಚಬೇಕು. ಬೇರೆಯವರ ಕೈ ಅದಕ್ಕೆ ತಾಗಕೂಡದು.

"ನಮ್ಮಪ್ಪ ಇನ್ನಾ ಗಟ್ಟಿ ಅದಾನ್ರಿ. ನಾ ಹೆಂಗ ತೆಲಿ ಬರೇ ಬಿಡ್ಲಿ?" ಎಂದು ಒಬ್ಬ ತಕರಾರು ತೆಗೆದ. ಅಪ್ಪ ಸತ್ತಾಗಷ್ಟೇ ಮಗ ತಲೆ ಬರಿದಾಗಿ ಬಿಡುವುದು ನಮ್ಮ ಕಡೆಯ ರೂಢಿ.

"ನೀನೂ ಗಟ್ಟಿ ಉಳೀಬೇಕಲ್ಲೋ?" ಎಂದ ಅಣ್ಣ, ಮೊದಲು ತನ್ನದನ್ನೇ ಕಟ್ಟಿ ಇಳಿದ. ಮೇಲೆ ಬಂದು ಬಿಚ್ಚಿ, ತಲೆಗೆ ಸುತ್ತುತ್ತ, "ಬಿಡೋ ನೀರ," ಎಂದ. ಅಂದಿನಿಂದ ಅದೇ ಪದ್ಧತಿಯಾಯಿತು.

ಆ ಕೊನೆಯ ಸಂಜೆ ಮೂತಿ ಹೂಳಿನಲ್ಲಿ ಸಿಕ್ಕಿ ಕೆಲಸ ಅರ್ಧಕ್ಕೆ ನಿಂತಿತ್ತು. ಬೆಳಿಗ್ಗೆ ಮತ್ತೆ ತಾನೇ ಇಳಿಯಬೇಕೆಂದು ರುಮಾಲನ್ನು ಚಕ್ರಕ್ಕೇ ಬಿಟ್ಟು ಬಂದಿದ್ದ. ಬೆಳಕು ಹರಿಯುವಾಗ ಎದೆನೋವು ಬಂದು ಹೋಗಿಬಿಟ್ಟ. ನಮ್ಮೂರು ಬಬಲೇಶ್ವರಕ್ಕೆ ಒಯ್ಯುವಾಗ ಅವನ ತಲೆಗೆ ಅದೇ ರುಮಾಲು ಇರಬೇಕೆಂದು ಅವ್ವ ಹಟ ಹಿಡಿದಳು. ನಾನು ತರಲು ಹೋದೆ.

ಗಟಾರು ತುಂಬಿ ರಸ್ತೆಗೆ ಹರಿದಿತ್ತು. ಅಂಗಡಿಯವರು ಕೂಗಾಡುತ್ತಿದ್ದರು. ಕೆಲಸದ ಉಸ್ತುವಾರಿಯ ಮುಕಾದಮ, "ಬಿಚ್ಚ್ರಿ ಅಂದ್ರ ಒಬ್ಬನೂ ಮುಟ್ಟವಲ್ಲ!" ಎಂದು ನನ್ನ ಮೇಲೆ ಹರಿಹಾಯ್ದ. ಸುದ್ದಿ ಅವರಿಗಿನ್ನೂ ತಲುಪಿರಲಿಲ್ಲ.

"ಅಂವಾ ಕಟ್ಟ್ಯಾನ್ರಿ. ಅಂವನೇ ಬಿಚ್ಚಬೇಕು," ಎಂದ, ನಾನು ಭುಜ ಮುರಿದಿದ್ದ ಅದೇ ಟಿಕೋಟಾದವನು.

ಅಣ್ಣ ಹೋದ ಸುದ್ದಿ ಹೇಳಿದೆ. ಗುಂಡಿಯೊಳಗೆ ಬಗ್ಗಿ ನೋಡಿ, ಒಬ್ಬೊಬ್ಬರ ಹೆಸರು ಹಿಡಿದು ಕೂಗಿದೆ. ಎಲ್ಲರೂ ಮೇಲಿನಿಂದಲೇ ಓಗೊಟ್ಟರು. ಆಮೇಲಷ್ಟೇ ಗಂಟು ಬಿಚ್ಚಿದೆ. ಅವನು ಹೇಳಿದ ಮಾತನ್ನು ಅವನಿಲ್ಲದಾಗಲೂ ಅವರು ಕಾಯ್ದುಕೊಂಡಿದ್ದರು. ಅಂಥವನ ತಮ್ಮ ನಾನು ಎಂದು ಆ ದುಃಖದಲ್ಲೂ ಎದೆ ತುಂಬಿತು.

ರುಮಾಲು ಅಣ್ಣನ ಜೊತೆ ಮಣ್ಣಿಗೆ ಹೋಯಿತು. ನಾನು ಚಕ್ರದ ಬಳಿ ನಿಂತಷ್ಟು ವರ್ಷ ಮತ್ತೆ ಯಾರ ಮೂಳೆಯೂ ಮುರಿಯಲಿಲ್ಲ. ಮೇಲೆ ಬಂದು "ಬಿಡೋ ನೀರ" ಎನ್ನಲು ಅಣ್ಣ ಮಾತ್ರ ಇರಲಿಲ್ಲ.