ನಿಕಾನೋರ್‌ನ ನೀಲಿ ಹೊದಿಕೆ

ಚಿಕ್ಲಾಯೊ ಊರಿನ ಆಸ್ಪತ್ರೆಯೊಂದರ ತುರ್ತು ವಿಭಾಗದಲ್ಲಿ ಸ್ಟ್ರೆಚರ್ ತಳ್ಳುವ ನಿಕಾನೋರ್‌ನ ಹೆಗಲ ಮೇಲೆ ಸದಾ ಒಂದು ನೀಲಿ ಹೊದಿಕೆ. ಟೀವಿಯವರು ಕ್ಯಾಮೆರಾ ಹೊತ್ತು ನುಗ್ಗಿದರೆ ಸಾಕು, ಅದನ್ನು ಬಿಚ್ಚಿ ರೋಗಿಗೆ ಅಡ್ಡ ಹಿಡಿಯುತ್ತಿದ್ದ. ನೋವಿನಲ್ಲಿ ಬಾಯಿ ಬಿಟ್ಟವರ ಮುಖ ಊರವರು ಊಟಕ್ಕೆ ನೆಂಚಿಕೊಳ್ಳುವ ಉಪ್ಪಿನಕಾಯಿಯಲ್ಲ ಎಂಬುದು ಅವನ ವಾದ.

"ಬಂದ ನೋಡ್ರೇ, ನಮ್ಮ ಗೂಳಿಕಾಳಗದ ವೀರ! ಕ್ಯಾಮೆರಾ ಹಾಯ್ದೀತು, ಹುಷಾರಪ್ಪಾ" ಎಂದು ನರ್ಸುಗಳು ಕಿಚಾಯಿಸುತ್ತಿದ್ದರು. ಅವನಿಗೆ ಒಳಗೊಳಗೇ ಹಿಗ್ಗು. ಸಂಬಳ ಸಣ್ಣದಾದರೂ ತತ್ವ ದೊಡ್ಡದಿದ್ದರೆ ಬೆನ್ನು ಸ್ವಲ್ಪ ನೆಟ್ಟಗಿರುತ್ತದೆ.

ಆ ತತ್ವಕ್ಕೆ ಪೆಟ್ಟು ಕೊಟ್ಟವಳು ದೋನ್ಯಾ ಸೊರೈದಾ ಎಂಬ ಮುದುಕಿ. ಅವಳ ಗಂಡ, ಮುದಿ ಕ್ಷೌರಿಕ ಫೌಸ್ತಿನೊ, ಸೊಂಟ ಮುರಿದುಕೊಂಡು ನಿನ್ನೆಯಿಂದ ಕಾರಿಡಾರಿನ ಸ್ಟ್ರೆಚರ್ ಮೇಲೆಯೇ ಬಿದ್ದಿದ್ದ. ವಾರ್ಡಿನಲ್ಲಿ ಹಾಸಿಗೆ ಇಲ್ಲ. ಆದರೆ ಟೀವಿಯಲ್ಲಿ ಬಂದವರಿಗೆ ಎಲ್ಲಿಂದಲೋ ಹಾಸಿಗೆ ಹುಟ್ಟುತ್ತದೆಂದು ಊರಿಗೇ ಗೊತ್ತು. ಫೋನ್ ಮಾಡಿ ಟೀವಿಯವರನ್ನು ಕರೆಸಿದವಳು ಅವಳೇ. ಅವರು ಒಳಗೆ ಬಂದೊಡನೆ ನಿಕಾನೋರ್ ಅಭ್ಯಾಸಬಲದಿಂದ ಹೊದಿಕೆ ಬಿಡಿಸಿದ.

"ಏಯ್, ತೆಗೆಯೋ ನಿನ್ನ ಪರದೆ! ಹಾಸಿಗೆ ನೀನು ಕೊಡ್ತೀಯಾ?" ಎಂದು ಸೊರೈದಾ ಗದರಿದಳು.

ನಿಕಾನೋರ್ ಮುದುಕನತ್ತ ಬಗ್ಗಿದ. "ಯಜಮಾನ್ರೇ, ನೀವೇ ಹೇಳಿ. ತೋರಿಸ್ಲಾ, ಮುಚ್ಲಾ?"

ಫೌಸ್ತಿನೊ ಕಣ್ಣು ಬಿಟ್ಟ. ಬಂದಾಗಿನಿಂದ ಯಾರೂ ಅವನನ್ನು ಏನೂ ಕೇಳಿರಲಿಲ್ಲ.

"ತೋರ್ಸು. ಆದ್ರೆ ಮೊದ್ಲು ನನ್ನ ಹಲ್ಲು ಕೊಡ್ಸು, ಇವಳ ಚೀಲದಲ್ಲಿದೆ. ಊರಿನ ಅರ್ಧ ಗಂಡಸರ ಮುಖ ತಿದ್ದಿದೋನು ನಾನು. ಬೊಚ್ಚುಬಾಯಲ್ಲಿ ಕಾಣಿಸ್ಕೊಳ್ಳಲಾ?"

ಹಲ್ಲಿನ ಸೆಟ್ಟು ಬಂತು, ಬಾಚಣಿಗೆಯೂ ಬಂತು. ತಲೆ ಬಾಚಿಕೊಂಡ ಮುದುಕ ಮದುವೆಗೆ ಹೊರಟವನಂತೆ ಕಂಡ. ವರದಿಗಾರ್ತಿ ಪೆಚ್ಚಾದಳು.

"ತಾತಾ, ಬೇಜಾರು ಮಾಡ್ಕೋಬೇಡಿ. ಇಷ್ಟು ಚೆನ್ನಾಗಿ ಕಂಡ್ರೆ ಯಾರೂ ಮರುಗಲ್ಲ. ಹಲ್ಲು ತೆಗೀತೀರಾ?"

ನಿಕಾನೋರ್‌ನ ಕೈ ಮತ್ತೆ ಹೊದಿಕೆಗೆ ಹೋಯಿತು. ಮುದುಕ ಹೊದಿಕೆ ಬೇಡವೆಂದು ತಲೆಯಾಡಿಸಿದ. ನಿಂತು ನಿಂತು ಊದಿದ್ದ ಹೆಂಡತಿಯ ಕಾಲುಗಳನ್ನು ಒಮ್ಮೆ ನೋಡಿದ. ಹಲ್ಲು ತೆಗೆದು ನಿಕಾನೋರ್‌ನ ಅಂಗೈಯಲ್ಲಿಟ್ಟ. ಕೂದಲನ್ನು ತಾನೇ ಕೆದರಿಕೊಂಡ.

ಮಧ್ಯಾಹ್ನದ ವಾರ್ತೆಯಲ್ಲಿ ಮುದುಕ ಬಂದ. ಸಂಜೆಯೊಳಗೆ ಹಾಸಿಗೆ ಬಂತು. ವಾರ್ಡಿನತ್ತ ತಳ್ಳಿಕೊಂಡು ಹೋಗುವಾಗ ಫೌಸ್ತಿನೊ ಮೆಲ್ಲಗೆ ಕೇಳಿದ: "ಹೇಗೆ ಕಂಡೆನಪ್ಪಾ ನಾನು?"

"ಗೊತ್ತಿಲ್ಲ ಯಜಮಾನ್ರೇ. ಅವ್ರು ಕ್ಯಾಮೆರಾ ಹಿಡಿದಾಗ ಗೋಡೆ ನೋಡ್ತಾ ನಿಂತಿದ್ದೆ."

"ಸದ್ಯ, ನಾನು ಮುಖ ಎತ್ತಿ ಮಾತಾಡೋಕೆ ನೀನೊಬ್ಬ ಉಳಿದೆಯಲ್ಲ" ಎಂದ ಮುದುಕ.