ಕಂಡಕ್ಟರಮ್ಮನ ನೀರಿನ ಬಾಟಲಿ

ಬಸ್ಸಿನಲ್ಲಿ ಟಿಕೆಟ್ ಕೊಡುವ ಹೆಂಗಸರಿಗೆ ಒಂದು ವಿದ್ಯೆ ಬಹಳ ಬೇಗ ಕರಗತವಾಗುತ್ತದೆ. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ. ಡ್ಯೂಟಿಗೆ ಹೊರಟ ಮೇಲೆ ನೀರು ಮುಟ್ಟಬಾರದು, ಅಷ್ಟೇ. ಕುಡಿದರೆ ಹೋಗುವುದೆಲ್ಲಿಗೆ? ದಾರಿಯುದ್ದಕ್ಕೂ ಗಂಡಸರಿಗೆ ಗೋಡೆಗಳಿವೆ. ಕೊನೆಯ ನಿಲ್ದಾಣದ ಶೌಚಾಲಯಕ್ಕೆ ಸದಾ ಬೀಗ; ಕೀಲಿ ಇಟ್ಟುಕೊಂಡವನು ಊಟಕ್ಕೆ ಹೋದರೆ ಹೋದ. ನಮ್ಮ ಕಂಡಕ್ಟರಮ್ಮನೂ ಕೆಲಸಕ್ಕೆ ಸೇರಿದ ಹೊಸದರಲ್ಲೇ ಬಾಯಾರಿಕೆಯನ್ನು ಉಗುಳಿನ ಜೊತೆ ನುಂಗಲು ಕಲಿತಳು. ರಾತ್ರಿ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ತಂಬಿಗೆ ಎತ್ತಿ ಗಟಗಟನೆ ಕುಡಿಯುವಳು. ಅರ್ಧ ಆಯಸ್ಸು ಹೀಗೇ ಕಳೆದಿತ್ತು.

ಮೈ ಬೆಳೆದದ್ದೂ ಹಾಗೆಯೇ, ಹೇಳದೆ ಕೇಳದೆ. ಸೀಟುಗಳ ನಡುವೆ ಅಡ್ಡ ತಿರುಗಿ ನಡೆಯುವ ಹಾಗಾಯಿತು. ಡಿಪೋದವರು 'ಡಬಲ್ ಸೀಟ್' ಎಂದು ಹೆಸರಿಟ್ಟರು. ಅವಳೂ ನಕ್ಕಳು, ನಗದಿದ್ದರೆ ಅವರು ಸುಮ್ಮನಾಗುವ ಪೈಕಿಯೇ? ಮಂಡಿಗಳು ಮಾತ್ರ ನಗಲಿಲ್ಲ. ಸಕ್ಕರೆ ಕಾಯಿಲೆಯೂ ಅಂಟಿಕೊಂಡಿತು. ಕೊನೆಗೆ ಹೊಟ್ಟೆಯ ಚೀಲವನ್ನೇ ಕತ್ತರಿಸಿ ಚಿಕ್ಕದು ಮಾಡುವ ಆಪರೇಷನ್ ಮಾಡಿಸಿಕೊಂಡಳು. ಚೆಂದ ಕಾಣಲಿಕ್ಕೆ ಅಂತ ಆಡಿಕೊಂಡವರೂ ಉಂಟು. ಅಂಥವರು ಒಂದು ದಿನ ಅವಳ ಮಂಡಿ ಹೊತ್ತು ಬಸ್ಸು ಹತ್ತಿ ನೋಡಬೇಕಿತ್ತು.

"ಇನ್ಮೇಲೆ ಗಟಗಟ ಕುಡಿಯೋ ಹಾಗಿಲ್ಲ. ಕುಡಿಯದೇ ಇರೋ ಹಾಗೂ ಇಲ್ಲ. ದಿನವಿಡೀ ಒಂದೊಂದೇ ಗುಟುಕು ಇಳೀತಾ ಇರ್ಬೇಕು" ಅಂದರು ಡಾಕ್ಟರು. ಹೇಳುವುದು ಸುಲಭ. ಮನೆಗೆ ಬಂದು ಕುಡಿದ ಮೊದಲ ಗುಟುಕೇ ಎದೆಯ ನಡುವೆ ಕಲ್ಲಿನಂತೆ ಕೂತಿತು. ಕಣ್ಣಲ್ಲಿ ನೀರು ಬಂತು, ಬಾಯಲ್ಲಿ ನೊರೆ ಬಂತು, ಒಳಗೆ ಹೋಗಬೇಕಾದ ನೀರು ಮಾತ್ರ ಹೋಗಲಿಲ್ಲ. ಗಂಜಿ ಇಳಿಯುತ್ತಿತ್ತು, ಸಾರು ಇಳಿಯುತ್ತಿತ್ತು, ಬರಿಯ ನೀರಿಗೆ ಗಂಟಲು ಮುಷ್ಕರ ಹೂಡಿತ್ತು. ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ ಗಂಡ ಬಾಗಿಲು ಹಾಕಿಕೊಂಡು ಬಂದು ಚಮಚ ಹಿಡಿದು ಎದುರಿಗೆ ಕೂತ. ಅವಳಿಗೆ ನೀರೆಂದರೆ ಭಯ ಹುಟ್ಟಿತು.

ರಜೆ ಮುಗಿದು ಮತ್ತೆ ಡ್ಯೂಟಿ ಶುರುವಾದಾಗ ಹಳೆಯ ವಿದ್ಯೆ ತಾನಾಗಿ ನೆರವಿಗೆ ಬಂತು. ಗಂಡ ಬೆಳಿಗ್ಗೆ ಬಾಟಲಿ ತುಂಬಿಸಿ ಕೊಡುವನು. ರಾತ್ರಿ ಅದು ಖಾಲಿಯಾಗಿರುವುದನ್ನು ಕಂಡು ಅವನ ಮುಖ ಅರಳುವುದು.

"ಪೂರ್ತಿ ಕುಡಿದ್ಯಾ?"

"ಬಾಟ್ಲಿ ನೋಡಿ" ಅನ್ನುವಳು. ಸುಳ್ಳು ಹೇಳಿದಂತಾಗಲಿಲ್ಲ ಎಂದು ತನಗೆ ತಾನೇ ಸಮಾಧಾನ.

ಆ ನೀರೆಲ್ಲ ಬಸ್ಸಿನ ಮುಂಗಾಜಿಗೆ ಹೋಗುತ್ತಿತ್ತು. ಕೊನೆಯ ನಿಲ್ದಾಣದಲ್ಲಿ ಗಾಜಿನ ಮೇಲೆ ಸುರಿದು ಬಟ್ಟೆಯಿಂದ ಒರೆಸುವಳು. "ಏನಕ್ಕಾ, ಈಚೆಗೆ ನಮ್ಮ ಬಸ್ಸು ಮದುಮಗನ ಥರ ಹೊಳೀತಿದೆ" ಎಂದು ಡ್ರೈವರ್ ತಮಾಷೆ ಮಾಡುತ್ತಿದ್ದ. ಅವಳಿಗಿಂತ ಚಿಕ್ಕವನು, ಒಳ್ಳೆಯ ಹುಡುಗ. ಅವಳ ತುಟಿ ಬಿರಿದದ್ದು, ಚಿಲ್ಲರೆ ಲೆಕ್ಕ ತಪ್ಪುತ್ತಿದ್ದದ್ದು ಅವನ ಕಣ್ಣಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಟಿಕೆಟ್ ಕೊಡುತ್ತಿದ್ದವಳು ಕಣ್ಣು ಕತ್ತಲಿಟ್ಟು ಅಲ್ಲೇ ಕುಸಿದಳು. ಡ್ರೈವರ್ ಜನ ತುಂಬಿದ ಬಸ್ಸನ್ನು ನೇರವಾಗಿ ಆಸ್ಪತ್ರೆಗೇ ತಿರುಗಿಸಿದ. ಮೈಯಲ್ಲಿ ನೀರೇ ಇಲ್ಲ, ಇನ್ನೊಮ್ಮೆ ಹೀಗಾದರೆ ಮೂತ್ರಪಿಂಡ ಉಳಿಯುವ ಭರವಸೆ ಕೊಡಲಾರೆ ಎಂದರು ಡಾಕ್ಟರು.

ಗಾಜು ಒರೆಸುತ್ತಿದ್ದ ಸಂಗತಿ ಡ್ರೈವರನ ಬಾಯಿಂದ ಗಂಡನಿಗೆ ತಿಳಿಯಿತು. ಅವನು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಮಂಚದ ಪಕ್ಕ ಕೂತು ಡ್ರಿಪ್ಪಿನ ಹನಿಗಳನ್ನೇ ನೋಡುತ್ತಿದ್ದ.

"ಇಳಿಯಲ್ಲ ಅಂತ ಒಂದ್ಮಾತು ಹೇಳ್ಬಾರ್ದಿತ್ತಾ?"

"ಇಳಿಯಲ್ಲ ಅನ್ನೋದು ಒಂದು" ಅಂದಳು. ಹೊದಿಕೆಯ ಅಂಚನ್ನು ಮಡಚುತ್ತ ಮಿಕ್ಕದ್ದನ್ನೂ ಹೇಳಿದಳು. "ಇಳಿದ್ರೆ ನಾನೆಲ್ಲಿಗೆ ಹೋಗ್ಲಿ? ಇಷ್ಟು ವರ್ಷ ಹೇಗೆ ಕಳ್ದೆ ಅಂತ ನೀವು ಯಾವತ್ತಾದ್ರೂ ಕೇಳಿದ್ರಾ?"

ಅವನು ಕೇಳಿರಲಿಲ್ಲ. ಇಂಥದ್ದೊಂದು ಪ್ರಶ್ನೆ ಇದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿದ. ಅವಳು ಅತ್ತಳು, ಕಣ್ಣೀರು ಬರುವಷ್ಟು ನೀರು ಅಷ್ಟೊತ್ತಿಗೆ ಮೈ ಸೇರಿತ್ತು.

ಉಗುರುಬೆಚ್ಚಗಿನ ನೀರಾದರೆ ಕಲ್ಲಾಗುವುದಿಲ್ಲ ಎಂದು ಆಸ್ಪತ್ರೆಯಲ್ಲೇ ತಿಳಿಯಿತು. ಮನೆಯಲ್ಲಿ ಅಭ್ಯಾಸ ಮಾಡಿದಳು, ಮಗು ಅಕ್ಷರ ತಿದ್ದುವ ಹಾಗೆ. ಒಂದು ಗುಟುಕು, ಸ್ವಲ್ಪ ಹೊತ್ತು ಬಿಟ್ಟು ಮತ್ತೊಂದು. ಕೆಲವು ದಿನ ಇಳಿಯಿತು, ಕೆಲವು ದಿನ ವಾಪಸು ಬಂತು.

ಮತ್ತೆ ಡ್ಯೂಟಿಗೆ ಬಂದ ದಿನ ಬಸ್ಸು ಕಿಕ್ಕಿರಿದಿತ್ತು. ನಿಲ್ದಾಣಕ್ಕೊಂದು ಗುಟುಕು ಕುಡಿಯುತ್ತ ಬಂದಳು. ಅರ್ಧ ದಾರಿಯಲ್ಲಿ, ಜೀವಮಾನವಿಡೀ ಹೆದರಿದ್ದು ಬಂದೇ ಬಂತು. ಮುಂದೆ ಪೆಟ್ರೋಲ್ ಬಂಕ್ ಕಾಣುತ್ತಿತ್ತು, ಅದರ ಹಿಂಬದಿಯಲ್ಲಿ ಹೆಂಗಸರ ಶೌಚಾಲಯವಿತ್ತು. ಆದರೆ ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು. ತಡೆದುಕೊಳ್ಳಬಹುದಿತ್ತು, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಆದರೆ ಇವತ್ತು ತಡೆದುಕೊಂಡರೆ ನಾಳೆ ಬಾಟಲಿ ಮುಟ್ಟುವುದಿಲ್ಲ ಎಂದು ಅವಳಿಗೆ ಖಚಿತವಾಗಿ ಗೊತ್ತಿತ್ತು.

"ಹೋಲ್ಡಾನ್" ಅಂದಳು.

ಡ್ರೈವರ್ ಕನ್ನಡಿಯಲ್ಲಿ ಅವಳ ಮುಖ ನೋಡಿದ. ಬಸ್ಸು ಬದಿಗೆ ಸರಿದು ನಿಂತಿತು.

"ಇಲ್ಲಿ ಸ್ಟಾಪ್ ಇಲ್ವಲ್ಲಮ್ಮ, ಯಾರಿಳಿಯೋದು?" ಎಂದು ಮುಂದಿನ ಸೀಟಿನವನು ರೇಗಿದ.

"ನಾನು" ಅಂದಳು ಕಂಡಕ್ಟರಮ್ಮ, ಮತ್ತು ಕಂಬಿ ಹಿಡಿದು ಇಳಿದಳು. ಡ್ರೈವರ್ ಇಂಜಿನ್ ಆಫ್ ಮಾಡಿ ಕಾದ.