ಬೆಳ್ಳುಳ್ಳಿ ಇಲ್ಲದ ಸೋಮವಾರ

ಟಿ. ದಾಸರಹಳ್ಳಿಯ ಕುಬ್ರಾಳಿಗೆ ಪಲ್ಯ ಮಾಡಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಮನೆಮಂದಿಗೆಲ್ಲ ಚೆನ್ನಾಗಿಯೇ ಮಾಡಿ ಬಡಿಸುತ್ತಾಳೆ. ಕೆಲಸಕ್ಕೆ ಒಯ್ಯುವ ಡಬ್ಬಿಗೆ ಮಾತ್ರ ಹಾಕಿಕೊಳ್ಳುವುದಿಲ್ಲ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಶರ್ಟಿಗೆ ಕಾಲರ್ ಕೂರಿಸುವ ಅವಳು ಎಂಟು ತಿಂಗಳಿನಿಂದ ಮಧ್ಯಾಹ್ನ ಬರೀ ಬಾತ್ ತಿಂದು ಏಳುತ್ತಿದ್ದಳು. ಇದು ಬಡತನವಲ್ಲ, ಹಠ.

ಅದಕ್ಕೂ ಮೊದಲು ಒಂಬತ್ತು ವರ್ಷ ಪಕ್ಕದ ಮೆಷಿನ್ನಿನಲ್ಲಿ ಚಿಕ್ಕಬಾಣಾವರದ ಪಂಕಜಾ ಕೂರುತ್ತಿದ್ದಳು. ಬೆಳಗ್ಗೆ ಐದಕ್ಕೆ ಎದ್ದು ಇಬ್ಬರೂ ಎರಡೆರಡು ಬಗೆ ಬೇಯಿಸುವುದೇಕೆ ಎಂದು ಒಂದು ಏರ್ಪಾಡು ಮಾಡಿಕೊಂಡಿದ್ದರು. ಅನ್ನದ ಬಗೆ ಕುಬ್ರಾಳದು, ನಂಚಿಕೊಳ್ಳುವುದು ಪಂಕಜಾಳದು. ಸೊಸೈಟಿ ಅಕ್ಕಿ, ನಾಲ್ಕು ಹುಳಿ ಟೊಮೆಟೊ, ಹಸಿಮೆಣಸಿನಕಾಯಿ, ಒಂದು ಹಿಡಿ ಕಡ್ಲೆಬೀಜ. ಇಷ್ಟರಲ್ಲಿ ಇಬ್ಬರಿಗಾಗುವ ಬಾತ್ ತಯಾರು. ಅತ್ತ ಕಡೆಯಿಂದ ಬೀನ್ಸ್ ಪಲ್ಯವೋ ಸೌತೆಕಾಯಿ ಮೊಸರುಬಜ್ಜಿಯೋ ಬರುತ್ತಿತ್ತು. ಅರ್ಧ ಗಂಟೆಯ ಬಿಡುವಿನಲ್ಲಿ ಕಾಲು ಗಂಟೆ ಊಟ, ಇನ್ನು ಕಾಲು ಗಂಟೆ ಸೂಪರ್‌ವೈಸರನನ್ನು ಆಡಿಕೊಂಡು ನಗುವುದು.

ಸೋಮವಾರ ಮಾತ್ರ ಕುಬ್ರಾಳಿಗೆ ರಗಳೆ ಜಾಸ್ತಿ. ಪಂಕಜಾ ಸೋಮವಾರ ಮಾಡುತ್ತಿದ್ದಳು. ಆ ದಿನ ಈರುಳ್ಳಿ, ಬೆಳ್ಳುಳ್ಳಿ ಮುಟ್ಟುತ್ತಿರಲಿಲ್ಲ. ಭಾನುವಾರ ಮಟನ್ ಬೆಂದ ಪಾತ್ರೆಯಲ್ಲಿ ಅವಳಿಗೆ ಮಾಡುವುದು ಹೇಗೆ? ಕುಬ್ರಾ ಅದಕ್ಕೆಂದೇ ಒಂದು ಸಣ್ಣ ಕುಕ್ಕರ್ ತಂದು ಬೇರೆಯಾಗಿ ಎತ್ತಿಟ್ಟಿದ್ದಳು. ಬೆಳ್ಳುಳ್ಳಿ ಇಲ್ಲದ ಬಾತ್ ಅವಳ ನಾಲಿಗೆಗೆ ಸಪ್ಪೆ. ಆದರೂ ಒಂದು ವಾರವೂ ತಪ್ಪಿಸಲಿಲ್ಲ.

ಆಮೇಲೆ ಪಂಕಜಾ ಮನೆ ಬದಲಿಸಿ ದೂರದ ಕೋಗಿಲಿಗೆ ಹೋದಳು. ಅಲ್ಲೇ ಒಂದು ಶಾಲೆಯಲ್ಲಿ ಆಯಾ ಕೆಲಸ ಸಿಕ್ಕಿತು. ಮಧ್ಯಾಹ್ನಕ್ಕೆ ಏನು ಮಾಡಿಕೊಂಡು ಹೋಗುತ್ತೀಯ ಎಂದು ಕುಬ್ರಾ ಒಂದು ದಿನ ಫೋನಿನಲ್ಲಿ ಕೇಳಿದಳು.

"ಊಟ ಸ್ಕೂಲಲ್ಲೇ ಕೊಡ್ತಾರೆ ಕಣೇ. ಡಬ್ಬಿ ಕಟ್ಟೋ ಕಾಟ ತಪ್ತು," ಎಂದಳು ಪಂಕಜಾ.

ಕಾಟ! ಆ ಮಾತು ಕುಬ್ರಾಳ ಎದೆಗೆ ನಾಟಿತು. ಒಂಬತ್ತು ವರ್ಷ ತಾನು ಸ್ನೇಹ ಎಂದುಕೊಂಡದ್ದು ಅವಳಿಗೆ ಬರೀ ಕೆಲಸದ ಉಳಿತಾಯವಾಗಿತ್ತೇ? ಕೇಳಲು ಧೈರ್ಯ ಸಾಲಲಿಲ್ಲ. ಅಂದಿನಿಂದ ಪಂಕಜಾ ಫೋನ್ ಮಾಡಿದಾಗಲೆಲ್ಲ "ಬಸ್ಸಲ್ಲಿದೀನಿ, ಆಮೇಲ್ ಮಾತಾಡ್ತೀನಿ" ಎಂದು ಕುಬ್ರಾ ಇಟ್ಟುಬಿಡುತ್ತಿದ್ದಳು. ಇಷ್ಟೆಲ್ಲ ಮುನಿಸಿಕೊಂಡವಳು ಸೋಮವಾರದ ಬಾತಿಗೆ ಬೆಳ್ಳುಳ್ಳಿ ಹಾಕಬೇಕು ತಾನೇ? ಹಾಕುತ್ತಿರಲಿಲ್ಲ. ಪಕ್ಕದ ಮೆಷಿನ್ನಿಗೆ ಹೊಸದಾಗಿ ಬಂದ ಹರಿಪ್ರಿಯಾ ಒಂದು ಸೋಮವಾರ ಒಂದು ತುತ್ತು ತಿಂದು, "ಏನಕ್ಕಾ, ಹುಷಾರಿಲ್ವಾ? ಪಥ್ಯದ ಊಟ ಇದ್ದಂಗಿದೆ," ಎಂದಳು. ಕುಬ್ರಾ ಅವಳಿಗೆ ಚೆನ್ನಾಗಿ ಬೈದಳು. ಬೈದು, ಟಾಯ್ಲೆಟ್ಟಿಗೆ ಹೋಗಿ ಅತ್ತಳು.

ಮುಂದಿನ ಸೋಮವಾರ ಹಬ್ಬದ ರಜೆ ಬಂತು. ಕುಬ್ರಾ ಸಣ್ಣ ಕುಕ್ಕರಿನಲ್ಲಿ ಇಬ್ಬರಿಗಾಗುವಷ್ಟು ಬಾತ್ ಮಾಡಿ ಡಬ್ಬಿಗೆ ತುಂಬಿದಳು. ಆಧಾರ್ ಕಾರ್ಡ್ ತೋರಿಸಿ ಫ್ರೀ ಟಿಕೆಟ್ ತೆಗೆದುಕೊಂಡು, ಎರಡು ಬಸ್ಸು ಬದಲಿಸಿ ಕೋಗಿಲಿಗೆ ಹೋದಳು. ಬರುತ್ತೇನೆಂದು ಮೊದಲೇ ಹೇಳಿರಲಿಲ್ಲ.

ಬಾಗಿಲು ತೆಗೆದ ಪಂಕಜಾ ಅವಳ ಕೈಯ ಡಬ್ಬಿ ನೋಡಿದಳು. ಆಮೇಲೆ, "ಈಗ ಇಳಿದ್ಯಾ ಬಸ್ಸಿಂದ?" ಎಂದಳು.

ಇಬ್ಬರೂ ನೆಲದ ಮೇಲೆ ಊಟಕ್ಕೆ ಕೂತರು. ಪಂಕಜಾ ಅಡುಗೆಮನೆಯಿಂದ ತಂದ ಹುರುಳಿಕಾಯಿ ಪಲ್ಯದಲ್ಲಿ ಬೆಳ್ಳುಳ್ಳಿ ಒಗ್ಗರಣೆ ಘಮ್ಮೆನ್ನುತ್ತಿತ್ತು. ಕುಬ್ರಾ ಪಲ್ಯ ನೋಡಿದಳು, ಗೆಳತಿಯ ಮುಖ ನೋಡಿದಳು.

"ಇವತ್ತು ಸೋಮವಾರ."

"ಸೋಮವಾರ ಬಿಟ್ಟು ನಾಲ್ಕು ವರ್ಷ ಆಯ್ತು. ನಮ್ಮತ್ತೆ ಬಲವಂತಕ್ಕೆ ಮಾಡ್ತಿದ್ದದ್ದು. ಅವರು ಹೋದ್ಮೇಲೆ ಬಿಟ್ಟೆ."

"ಮತ್ತೆ ನನಗ್ಯಾಕೆ ಹೇಳ್ಲಿಲ್ಲ? ಅಷ್ಟು ವರ್ಷ ಸುಮ್‌ಸುಮ್ನೆ ಆ ಸಪ್ಪೆ ಬಾತ್ ತಿನ್ನಿಸಿದ್ಯಲ್ಲೇ."

ಪಂಕಜಾ ಬಾತನ್ನೇ ಕಲಸುತ್ತಾ ಕೂತಳು. "ಮನೇಲಿ ಯಾರ್ಯಾರಿಗೆ ಏನೇನ್ ಬೇಕೋ ಎಲ್ಲಾ ನಾನೇ ಮಾಡ್ತೀನಿ. ನನಗೇನ್ ಆಗುತ್ತೆ, ಏನ್ ಆಗಲ್ಲ ಅಂತ ನೋಡಿ ಅಡುಗೆ ಮಾಡ್ತಿದ್ದೋಳು ನೀನೊಬ್ಳೇ. ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ."

ಕುಬ್ರಾ ಡಬ್ಬಿಯಲ್ಲಿ ಉಳಿದಿದ್ದ ಬಾತನ್ನು ಅವಳ ತಟ್ಟೆಗೆ ಬಡಿಸಿದಳು. ಪಂಕಜಾ ನೀರಿನ ಲೋಟ ಮುಂದೆ ಸರಿಸಿದಳು.

ಕಾಟದ ಮಾತನ್ನು ಕುಬ್ರಾ ಕೇಳಲೇ ಇಲ್ಲ, ಕೇಳುವ ಅಗತ್ಯವೂ ಉಳಿದಿರಲಿಲ್ಲ. ಸಂಜೆಯ ಬಸ್ಸಿನಲ್ಲಿ ನಿರಾಳವಾಗಿ ಕೂತು ಬಂದಳು. ಆದರೆ ಇಷ್ಟು ದಿನ ಕಾಲ ತಳ್ಳಲು ಅವಳಿಗೆ ಪಂಕಜಾಳ ಮೇಲಿನ ಕೋಪವಾದರೂ ಆಸರೆಯಾಗಿತ್ತು. ಈಗ ಅದೂ ಇರಲಿಲ್ಲ. ಮಂಗಳವಾರ ಊಟದ ಗಂಟೆ ಹೊಡೆದು ಡಬ್ಬಿಯ ಮುಚ್ಚಳ ತೆಗೆದಾಗ ಅವಳಿಗೆ ಪಂಕಜಾ ಪಕ್ಕದಲ್ಲಿರಬೇಕಿತ್ತು ಅನ್ನಿಸಿತು. ಇಷ್ಟು ತೀವ್ರವಾಗಿ, ಅವಳು ಕೆಲಸ ಬಿಟ್ಟು ಹೋದ ದಿನವೂ ಅನ್ನಿಸಿರಲಿಲ್ಲ.